ಬೆಳಗಿನ ನೂರ ನಲವತ್ತು ಪೆಟ್ಟಿಗೆ

ಹಣ್ಣು ತರಕಾರಿ ವರ್ತಕರ ಸಂಘಕ್ಕೆ ಎಪ್ಪತ್ತೈದು ವರ್ಷ ತುಂಬಿದೆ ಎಂಬುದು ಸಂಘದವರಿಗೇ ಗೊತ್ತಿರಲಿಲ್ಲ. ಕಚೇರಿಗೆ ಬಣ್ಣ ಹೊಡೆಸಲೆಂದು ಬಾಗಿಲ ಮೇಲಿನ ಹಲಗೆಯನ್ನು ಇಳಿಸಿದಾಗ ಅದರ ಬೆನ್ನಿಗೆ ಯಾರೋ ಇಸವಿ ಬರೆದಿಟ್ಟಿದ್ದರು. ಅಧ್ಯಕ್ಷರು ಎರಡು ಸಲ ಬೆರಳು ಮಡಚಿ ಎಣಿಸಿ, ಗಾಬರಿಯಾಗಿ, ಸಭೆ ಕರೆದರು. ಸಮಾರಂಭ ಆಗಬೇಕು, ಜೊತೆಗೊಂದು ಇತಿಹಾಸದ ಪುಸ್ತಕವೂ ಆಗಬೇಕು ಎಂದು ತೀರ್ಮಾನವಾಯಿತು. ಪುಸ್ತಕ ಬರೆಯುವ ಕೆಲಸ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾಗಿದ್ದ ಮೇಷ್ಟ್ರ ತಲೆಗೆ ಬಿತ್ತು. ಮೂವತ್ತೊಂದು ವರ್ಷ ಸತ್ತ ರಾಜರ ಬಗ್ಗೆ ಮಾತಾಡಿದವರಿಗೆ ಬದುಕಿರುವವರ ಇತಿಹಾಸ ಬರೆಯುವುದು ಎಂಥ ಫಜೀತಿ ಎಂದು ಯಾರೂ ಮೊದಲೇ ಹೇಳಲಿಲ್ಲ. ರಾಜರು ಮನೆಗೆ ಬಂದು ಜಗಳ ತೆಗೆಯುವುದಿಲ್ಲ.

ಆದರೂ ಮೊದಲ ಮೂರು ಅಧ್ಯಾಯಗಳು ಸಲೀಸಾಗಿ ಮುಗಿದವು. ಮೊದಲನೆಯದರಲ್ಲಿ ಈರುಳ್ಳಿ, ಆಲೂಗಡ್ಡೆ ಗಾಡಿಯ ಮೇಲೆ ಬರುತ್ತಿದ್ದವು. ಎರಡನೆಯದರಲ್ಲಿ ರೈಲು ಬಂತು, ಮಾರುಕಟ್ಟೆಯ ಬೆನ್ನಿಗೇ ಒಂದು ಕವಲು ಹಳಿ ಹಾಕಿದರು, ಇನ್ನು ಉದ್ಧಾರವಾದೆವು ಎಂದು ಎಲ್ಲರೂ ಅಂದುಕೊಂಡರು. ಮೂರನೆಯದರಲ್ಲಿ ರೈಲು ನಿಂತುಹೋಗಿ ಲಾರಿ ಬಂತು, ಅಂದುಕೊಂಡಿದ್ದವರೇ ಮತ್ತೊಮ್ಮೆ ಅಂದುಕೊಂಡರು. ಅಷ್ಟು ಹೊತ್ತಿಗೆ ಸುತ್ತಲಿನ ಇಳಿಜಾರಿನ ತುಂಬ ಕಿತ್ತಳೆ ಗಿಡಗಳು ಎದ್ದಿದ್ದವು. ನಾಲ್ಕನೆಯ ಅಧ್ಯಾಯಕ್ಕೆ ‘ನಮ್ಮ ಪೆಟ್ಟಿಗೆ’ ಎಂದು ಹೆಸರಿಟ್ಟ ಮೇಷ್ಟ್ರು ಅಲ್ಲಿಯೇ ಎಡವಿದರು.

ನಮ್ಮ ಪೆಟ್ಟಿಗೆ ಎಂದರೆ ಊರಿನ ಹೆಮ್ಮೆ. ಲೋಕವೆಲ್ಲ ದೊಡ್ಡ ಹಣ್ಣನ್ನು ಮೇಲಿಟ್ಟು ಚಿಕ್ಕದನ್ನು ಅಡಿಗೆ ತಳ್ಳುತ್ತಿದ್ದ ಕಾಲದಲ್ಲಿ ಈ ಊರಿನ ಪೆಟ್ಟಿಗೆ ತೆರೆದರೆ ಮೇಲೆ ಚಿಕ್ಕದು, ಅಡಿಯಲ್ಲಿ ದೊಡ್ಡದು. ನಗರದ ಅಂಗಡಿಯವರು ಊರಿನ ಮುದ್ರೆ ನೋಡಿದರೆ ಸಾಕು, ಒಳಗೇನಿದೆ ಎಂದು ಇಣುಕದೆ ಹೊತ್ತುಕೊಂಡು ಹೋಗುತ್ತಿದ್ದರು. ಇದೆಲ್ಲ ದೊಡ್ಡ ಯಜಮಾನರ ನೀತಿ, ಅವರ ಪ್ರಾಮಾಣಿಕತೆ ಎಂದು ಊರಿನ ಮಕ್ಕಳೂ ಒಪ್ಪಿಸುತ್ತಿದ್ದವು. ದೊಡ್ಡ ಯಜಮಾನರು ಎಂದರೆ ಊರಿನ ಮೊದಲ ಪ್ಯಾಕಿಂಗ್ ಶೆಡ್ಡಿನ ಮಾಲೀಕರು, ಈಗಿನ ಅಧ್ಯಕ್ಷರ ಅಜ್ಜ. ಮೇಷ್ಟ್ರು ಅವರ ಪ್ರಾಮಾಣಿಕತೆಯನ್ನು ಆರು ಪುಟ ಹೊಗಳಿ ಮುಗಿಸಿದ್ದರು. ಆಗ ಹಳೆಯ ಶೆಡ್ಡಿನ ತಗಡಿನ ಟ್ರಂಕಿನಲ್ಲಿ ಒಂದೇ ಗುಂಡುಸೂಜಿಗೆ ಸಿಕ್ಕಿಸಿದ ಎರಡು ಕಾಗದ ಸಿಕ್ಕವು. ಆರೂ ಪುಟ ಹರಿದು ಹಾಕಬೇಕಾಯಿತು.

ಆ ಕಾಗದ ಹಿಡಿದುಕೊಂಡು ಮೇಷ್ಟ್ರು ಒಂದು ಬೆಳಿಗ್ಗೆ ಮಾರುಕಟ್ಟೆ ಬೀದಿಯ ಕೊನೆಯ ಮನೆಗೆ ಬಂದರು. ಆ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬರು ಅತ್ತಿಗೆ, ಎಪ್ಪತ್ತೆರಡು ವರ್ಷ, ಶೆಡ್ಡಿನಲ್ಲಿ ದುಡಿದು ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಇನ್ನೊಬ್ಬರು ಅವರ ನಾದಿನಿ, ತೀರಿಕೊಂಡ ಗಂಡನ ತಂಗಿ, ಅರವತ್ತೈದು ವರ್ಷ. ನಾದಿನಿಗೆ ಊರಿಟ್ಟ ಹೆಸರು ‘ತಲೆಕೆಳಗು’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅಂಚೆಯವನೂ ಆ ಹೆಸರು ಹೇಳಿದರೆ ಮಾತ್ರ ಮನೆ ಗುರುತು ಹಿಡಿಯುತ್ತಿದ್ದ.

“ಅಮ್ಮಾ,” ಎಂದು ಮೇಷ್ಟ್ರು ನಾದಿನಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. “ನಲವತ್ತಾರು ವರ್ಷದ ಹಿಂದೆ ಶೆಡ್ಡಿನಿಂದ ಒಬ್ಬ ಹುಡುಗೀನ ಕೆಲಸದಿಂದ ತೆಗೆದ್ರಲ್ಲ. ಅದು ನೀವೇ ತಾನೆ?”

ನಾದಿನಿಯ ಮುಖ ಚಿಕ್ಕದಾಯಿತು. “ಆ ವಿಷಯ ಈಗ್ಯಾಕೆ ಮೇಷ್ಟ್ರೇ? ಚಿಕ್ಕ ವಯಸ್ಸು. ಕೈ ತಪ್ಪಿ ಆಗಿದ್ದು.”

“ಕೈ ತಪ್ಪಿದ್ದಕ್ಕೇ ಊರು ಉದ್ಧಾರ ಆಗಿರೋದು! ಇಲ್ಲಿ ನೋಡಿ.” ಅವರು ಕಾಗದಗಳನ್ನು ಮೇಜಿನ ಮೇಲೆ ಹರಡಿದರು. “ಮೊದಲನೇದು ನಗರದ ಮಂಡಿಯವನು ಬೈದು ಬರೆದದ್ದು. ಅರ್ಧ ಲಾರಿ ಪೆಟ್ಟಿಗೆ ತಲೆಕೆಳಗಾಗಿದೆ, ಚಿಕ್ಕ ಹಣ್ಣೆಲ್ಲ ಮೇಲೆ ಬಂದಿದೆ, ಮಾರುಕಟ್ಟೆಯಲ್ಲಿ ನನ್ನ ಮಾನ ಹೋಯ್ತು ಅಂತ. ಇದರ ಹಿಂದೆ ದೊಡ್ಡ ಯಜಮಾನರು ಪೆನ್ಸಿಲಲ್ಲಿ ಬರ್ಕೊಂಡಿದ್ದಾರೆ: ಮುದ್ರೆ ಮೇಜಿನ ಹುಡುಗೀನ ಬಿಡಿಸಿದೆ. ಎರಡನೇದು ಹದಿನೆಂಟು ದಿನ ಆದ ಮೇಲಿನದು. ಅದೇ ಮಂಡಿಯವನು. ಅಂಗಡಿಯವರು ಪೆಟ್ಟಿಗೆ ಮನೆಗೆ ಒಯ್ದು ನೋಡಿದ್ರಂತೆ, ಅಡೀಲಿ ದೊಡ್ಡ ಹಣ್ಣು ಸಿಕ್ಕಿತಂತೆ. ಇಷ್ಟು ನೆಟ್ಟಗಿನ ಜನ ಯಾವ ಊರಲ್ಲೂ ಇಲ್ಲ ಅಂತ ಮೂಗಿನ ಮೇಲೆ ಬೆರಳಿಟ್ಕೊಂಡ್ರಂತೆ. ಇನ್ನು ಮುಂದೆ ಎಲ್ಲ ಪೆಟ್ಟಿಗೇನೂ ಹೀಗೇ ಕಳಿಸಿ ಅಂತ ಬರ್ದಿದ್ದಾನೆ. ಯಜಮಾನರ ನೀತಿನೂ ಇಲ್ಲ, ಮಣ್ಣೂ ಇಲ್ಲ. ನೀವೇ ನಾಲ್ಕನೇ ಅಧ್ಯಾಯ!”

ನಾದಿನಿ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಓದಿದರು. ಆಮೇಲೆ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ನಗು ಕೇಳಿದರು. ಈ ಹೆಂಗಸು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತು ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು. ನಲವತ್ತಾರು.

ಏಕೆಂದರೆ ಆ ಪೆಟ್ಟಿಗೆಗಳನ್ನು ತಲೆಕೆಳಗು ಮಾಡಿದವರು ನಾದಿನಿಯಲ್ಲ, ಅತ್ತಿಗೆ.

ಇದು ಅರ್ಥವಾಗಬೇಕಾದರೆ ಆಗಿನ ಕಾಲದಲ್ಲಿ ಪೆಟ್ಟಿಗೆ ಹೇಗೆ ಕಟ್ಟುತ್ತಿದ್ದರು ಎಂದು ಹೇಳಬೇಕು. ಮರದ ಪೆಟ್ಟಿಗೆಯನ್ನು ಮುಚ್ಚಳ ಕೆಳಗೆ ಬರುವಂತೆ ಬೋರಲು ಇಡುವುದು. ಮೊದಲು ದೊಡ್ಡ, ಕೆಂಪನೆಯ, ಕಲೆಯಿಲ್ಲದ ಹಣ್ಣನ್ನು ಕಾಗದದಲ್ಲಿ ಸುತ್ತಿ ಮುಚ್ಚಳಕ್ಕೆ ಒತ್ತಿ ಜೋಡಿಸುವುದು. ಅದಕ್ಕೆ ಮುಖ ಎನ್ನುತ್ತಿದ್ದರು. ಅದರ ಮೇಲೆ ಸಾಧಾರಣ ಹಣ್ಣು, ಕೊನೆಗೆ ಚಿಕ್ಕದು. ಆಮೇಲೆ ಅಡಿಯ ಪಟ್ಟಿಗಳನ್ನು ಬಡಿದು, ಇಡೀ ಪೆಟ್ಟಿಗೆಯನ್ನು ಮಗುಚಿ, ಮುಖ ಮೇಲೆ ಬಂದ ಮೇಲೆ ಆ ಕಡೆಗೆ ಊರಿನ ಮುದ್ರೆ ಒತ್ತುವುದು. ಮುದ್ರೆ ಇರುವ ಕಡೆಯಿಂದ ಪೆಟ್ಟಿಗೆ ತೆರೆಯುವುದು ಎಲ್ಲ ಮಾರುಕಟ್ಟೆಗಳಲ್ಲೂ ನಡೆದು ಬಂದ ಪದ್ಧತಿ. ಮೇಲಿನದು ದೊಡ್ಡದು, ಅಡಿಯದು ಚಿಕ್ಕದು ಎಂಬುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಹಾಗಾಗಿ ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ.

ಇಪ್ಪತ್ತು ಕಿಲೋ ಪೆಟ್ಟಿಗೆ ಮಗುಚುವುದಕ್ಕೆ ತೋಳಿನ ಬಲಕ್ಕಿಂತ ಚಳಕ ಬೇಕು. ಮೊಣಕಾಲು ಕೊಟ್ಟು, ಒಂದು ಅಂಚಿನ ಮೇಲೆ ನಿಲ್ಲಿಸಿ, ಸೊಂಟ ತಿರುಗಿಸಿ ಬೀಳಿಸಬೇಕು. ಮುದ್ರೆ ಮೇಜಿನಲ್ಲಿ ಅತ್ತಿಗೆ ನಾದಿನಿ ಇಬ್ಬರದೂ ಪಾಳಿ. ಬೆಳಿಗ್ಗೆ ಒಬ್ಬಳು, ಊಟದ ಮೇಲೆ ಇನ್ನೊಬ್ಬಳು. ಹದಿನೈದಕ್ಕೇ ಶೆಡ್ಡು ಸೇರಿದ್ದ ನಾದಿನಿ ಹತ್ತೊಂಬತ್ತರ ಹೊತ್ತಿಗೆ ಪೆಟ್ಟಿಗೆ ಮಗುಚುವುದನ್ನು ನೋಡಲು ಬಡಗಿಗಳು ಸುತ್ತಿಗೆ ಕೆಳಗಿಡುತ್ತಿದ್ದರು. ಅವಳು ಬಡಗಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ನಾದಿನಿ ನೂರ ನಲವತ್ತು ಪೆಟ್ಟಿಗೆ ಮುಗಿಸಿದಳು. ಮಧ್ಯಾಹ್ನದ್ದು ಅತ್ತಿಗೆಯ ಪಾಳಿ. ಅತ್ತಿಗೆಗೆ ಆಗ ಇಪ್ಪತ್ತಾರು, ಏಳು ತಿಂಗಳ ಬಸುರಿ. ಅವಳನ್ನು ಮೇಜಿನಿಂದ ತೆಗೆದು ಹಣ್ಣು ಸುತ್ತಲು ಕೂರಿಸಬೇಕು ಎಂದು ಎಲ್ಲರೂ ಹೇಳುತ್ತಿದ್ದರು; ಹೇಳುತ್ತಿದ್ದರು, ಅಷ್ಟೇ. ಮೊದಲ ನಾಲ್ಕು ಪೆಟ್ಟಿಗೆ ಮಗುಚಿದಳು. ಐದನೆಯದಕ್ಕೆ ಸೊಂಟ ಹಿಡಿದುಕೊಂಡಿತು, ಕಣ್ಣು ಕತ್ತಲೆ ಬಂತು. ಆರನೆಯದನ್ನು ಇದ್ದ ಹಾಗೇ ಬಿಟ್ಟು, ಅಡಿಯ ಪಟ್ಟಿಗೇ ಮುದ್ರೆ ಒತ್ತಿದಳು. ಯಾವ ಕಡೆಯಿಂದ ತೆಗೆದರೂ ಅದೇ ಹಣ್ಣು ತಾನೆ, ಹಾಳಾಗಿ ಹೋಗಲಿ ಎಂದುಕೊಂಡಳು. ಏನೂ ಆಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಏಳನೆಯದನ್ನೂ ಹಾಗೇ ಬಿಟ್ಟಳು. ಸಂಜೆಯ ಹೊತ್ತಿಗೆ ನೂರ ಮೂವತ್ತಕ್ಕೂ ಮೇಲೆ ಪೆಟ್ಟಿಗೆಗಳು ಬೋರಲಾಗಿಯೇ ಲಾರಿ ಹತ್ತಿದವು.

ಬೈಗುಳದ ಕಾಗದ ಬಂದ ದಿನ ದೊಡ್ಡ ಯಜಮಾನರು ಇಬ್ಬರನ್ನೂ ಮೇಜಿನ ಎದುರು ನಿಲ್ಲಿಸಿದರು. “ಯಾರು ಮಗುಚಲಿಲ್ಲ?”

“ನಾನು ಒಂದೂ ಬಿಡದೆ ಮಗುಚಿದ್ದೀನಿ ಯಜಮಾನ್ರೇ,” ಎಂದಳು ನಾದಿನಿ.

ಯಜಮಾನರು ಅತ್ತಿಗೆಯ ಕಡೆ ತಿರುಗಿದರು. ಕೆಲಸ ಹೋದರೆ ಹೆರಿಗೆಯಾದ ಮೇಲೆ ಯಾರೂ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. “ನಾನೂ ಮಗುಚಿದ್ದೀನಿ,” ಎಂದಳು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಇಬ್ಬರಿಗೂ ಬೈದು ಕಳಿಸುತ್ತಿದ್ದರೋ ಏನೋ. ಆದರೆ ಯಜಮಾನರು ಇನ್ನೂ ನೋಡುತ್ತಲೇ ಇದ್ದರು. “ಅವಳು ಚಿಕ್ಕವಳು,” ಎಂದು ಸೇರಿಸಿದಳು. “ಮರೆತಿರ್ಬೇಕು.”

ನಾದಿನಿ ಅವತ್ತೇ ಮನೆಗೆ ಹೋದಳು. ಹದಿನೆಂಟು ದಿನವಾದ ಮೇಲೆ ಹೊಗಳಿಕೆಯ ಕಾಗದ ಬಂತು, ಇನ್ನು ಮುಂದೆ ಯಾರೂ ಪೆಟ್ಟಿಗೆ ಮಗುಚಕೂಡದು ಎಂದು ಅಪ್ಪಣೆಯಾಯಿತು. ಆದರೆ ನಾದಿನಿಯನ್ನು ಮತ್ತೆ ಕರೆಸಲಿಲ್ಲ. ಕರೆಸಿದರೆ ಯಜಮಾನರ ನೀತಿ ಎಲ್ಲಿಂದ ಬಂತು ಎಂದು ಜನ ಕೇಳುತ್ತಿದ್ದರು. ತಪ್ಪು ಮಾಡಿದಳೆನ್ನಿಸಿಕೊಂಡವಳು ಮನೆಯಲ್ಲಿ ಕೂತಳು, ತಪ್ಪಿಗೆ ಮಾತ್ರ ಶೆಡ್ಡಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಬಾಣಂತನ ಮುಗಿಸಿ ಬಂದ ಅತ್ತಿಗೆಗೂ ಸಿಕ್ಕಿತು. ಮಗುಚುವ ಕಷ್ಟವೇ ಇಲ್ಲದ ಮೇಲೆ ಮುದ್ರೆ ಒತ್ತುವುದೇನು ಮಹಾ? ಮೂವತ್ತೊಂದು ವರ್ಷ ಒತ್ತಿದಳು. ಆಮೇಲೆ ಮರದ ಪೆಟ್ಟಿಗೆ ಹೋಗಿ ರಟ್ಟಿನ ಡಬ್ಬ ಬಂತು, ಮಗುಚುವುದು ಎಂದರೇನು ಎಂದೇ ಹೊಸಬರಿಗೆ ಗೊತ್ತಿಲ್ಲದಂತಾಯಿತು.

ಇನ್ನು ನಾದಿನಿಯ ಕಥೆ. ಮೊದಮೊದಲು ಅವಳು ಹೋರಾಡಿದಳು. “ಅತ್ತಿಗೆ, ನಾನು ಮಗುಚಿದ್ನಲ್ಲ? ನೀವು ನೋಡಿದ್ರಲ್ಲ?” ಎಂದು ದಿನಾ ಕೇಳುತ್ತಿದ್ದಳು. “ನೂರು ಸಲ ಮಾಡೋ ಕೆಲಸ ಕಣೆ. ಮಾಡಿದೆ ಅನ್ಸುತ್ತೆ, ಮಾಡಿರಲ್ಲ,” ಎಂದು ಅತ್ತಿಗೆ ಮುಖ ತಿರುಗಿಸಿಕೊಂಡು ಹೇಳುತ್ತಿದ್ದಳು. ಎರಡು ತಿಂಗಳಲ್ಲಿ ಆ ಪ್ರಶ್ನೆ ನಿಂತಿತು. ನಾದಿನಿ ಒಪ್ಪಿಕೊಂಡುಬಿಟ್ಟಿದ್ದಳು. ಒಪ್ಪಿಕೊಂಡ ಮೇಲೆ ಅವಳಿಗೆ ತನ್ನ ಕೈಯ ಮೇಲೆ, ತನ್ನ ಕಣ್ಣಿನ ಮೇಲೆ ನಂಬಿಕೆಯೇ ಹೋಯಿತು. ಬೀಗ ಹಾಕಿ ಮೂರು ಸಲ ಎಳೆದು ನೋಡುವುದು, ಒಲೆ ಆರಿಸಿದೆನಾ ಎಂದು ಅರ್ಧ ದಾರಿಯಿಂದ ವಾಪಸು ಬರುವುದು. ಹೊಲಿಗೆ ಕಲಿತಳು, ಅಂಚು ಮಡಚಿ ಹೊಲಿಯುತ್ತಿದ್ದಳು, ಗುಂಡಿ ಕಟ್ಟುತ್ತಿದ್ದಳು, ಆದರೆ ಬಟ್ಟೆಗೆ ಕತ್ತರಿ ಹಾಕು ಎಂದರೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. ಉಲ್ಟಾ ಕತ್ತರಿಸಿಬಿಟ್ಟರೆ? ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ ಸಿಕ್ಕಿದಾಗಲೂ ಬೇಡ ಎಂದಳು. ಎರಡು ಸಂಬಂಧ ಬಂದವು. ಮದುವೆಯಾಗುವುದಾದರೂ ಸರಿ, ಸಂಸಾರ ತೂಗಿಸುವ ಜವಾಬ್ದಾರಿ ನನ್ನ ಕೈಗೆ ಕೊಡಬೇಡಿ ಎಂದು ಅಣ್ಣನ ಹತ್ತಿರ ಅತ್ತಳು, ಎರಡೂ ತಪ್ಪಿಹೋದವು. ಕೊನೆಗೆ ಅತ್ತಿಗೆಯ ಮಗಳನ್ನು ಸಾಕಿದ್ದೇ ಅವಳ ಬದುಕಾಯಿತು. ಮಗುವನ್ನು ಎತ್ತಿಕೊಳ್ಳುವ ಮೊದಲು ಸಹ “ಹೀಗೆ ತಾನೆ ಅತ್ತಿಗೆ? ತಲೆ ಈ ಕಡೆ ತಾನೆ?” ಎಂದು ಕೇಳಿಯೇ ಎತ್ತಿಕೊಳ್ಳುತ್ತಿದ್ದಳು.

ಅತ್ತಿಗೆ ಕೆಟ್ಟವರಲ್ಲ, ಅದನ್ನೂ ಹೇಳಿಬಿಡಬೇಕು. ನಾದಿನಿಗೆ ಹೊಟ್ಟೆಗೆ ಬಟ್ಟೆಗೆ ಎಂದೂ ಕಡಿಮೆ ಮಾಡಲಿಲ್ಲ. ಒಳ್ಳೆಯ ಹಾಸಿಗೆ, ಕಿಟಕಿಯ ಪಕ್ಕದ ಕೋಣೆ, ಕಾಯಿಲೆಯಾದಾಗ ಪಕ್ಕದಲ್ಲಿ ಕೂತು ಗಂಜಿ. ಆದರೆ ಹೇಳಬೇಕಾಗಿದ್ದ ಮಾತು ಎರಡು ಸಲ ನಾಲಿಗೆಯ ತುದಿಗೆ ಬಂದು ವಾಪಸು ಹೋಗಿತ್ತು. ಮಗಳು ಹುಟ್ಟಿದ ದಿನ ಬಂದಿತ್ತು. ನಾದಿನಿ ಅಷ್ಟು ಸಂತೋಷವಾಗಿದ್ದಾಗ ಯಾಕೆ ಎಂದು ಬಿಟ್ಟರು. ಗಂಡ ಸತ್ತ ವಾರ ಬಂದಿತ್ತು; ನಾದಿನಿ ಅಷ್ಟು ದುಃಖದಲ್ಲಿದ್ದಾಗ ಯಾಕೆ ಎಂದು ಬಿಟ್ಟರು. ಸಂತೋಷವೂ ಇಲ್ಲದ ದುಃಖವೂ ಇಲ್ಲದ ದಿನಗಳೇ ನಡುವೆ ಹೆಚ್ಚು ಇದ್ದವು. ಆ ದಿನಗಳಲ್ಲಿ ಅವರಿಗೆ ಬೇರೆ ಕೆಲಸವಿತ್ತು.

ಈಗ ಸಮಾರಂಭಕ್ಕೆ ಹನ್ನೆರಡು ದಿನ ಉಳಿದಿತ್ತು. ಅಧ್ಯಕ್ಷರು, ಅಂದರೆ ದೊಡ್ಡ ಯಜಮಾನರ ಮೊಮ್ಮಗ, ಮೊದಲು ಮುಖ ಊದಿಸಿಕೊಂಡರು. ಅಜ್ಜನ ನೀತಿ ಹೋಗಿ ಹುಡುಗಿಯೊಬ್ಬಳ ಮರೆವು ಬಂದರೆ ಯಾವ ಮೊಮ್ಮಗನಿಗೆ ತಾನೆ ಹಿಡಿಸುತ್ತದೆ? ಆದರೆ ಇಂಥ ಕಥೆಯಾದರೆ ಪತ್ರಿಕೆಯವರು ಖಂಡಿತ ಬರುತ್ತಾರೆ ಎಂದು ಮೇಷ್ಟ್ರು ಹೇಳಿದ ಮೇಲೆ ಅಜ್ಜನನ್ನು ಬಿಟ್ಟುಕೊಟ್ಟರು. ನಾದಿನಿಗೆ ವೇದಿಕೆಯ ಮೇಲೆ ಹಿತ್ತಾಳೆಯ ಫಲಕ ಕೊಡುವುದೆಂದು ಗೊತ್ತಾಯಿತು. ಐನೂರು ಪುಸ್ತಕ ಅಚ್ಚಿಗೂ ಹೋದವು.

ಮನೆಯಲ್ಲಿ ಬೇರೆಯೇ ಹೆಂಗಸೊಬ್ಬಳು ಓಡಾಡತೊಡಗಿದ್ದಳು. ನಾದಿನಿಯ ಬೆನ್ನು ನೆಟ್ಟಗಾಗಿತ್ತು. ತರಕಾರಿ ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ಗೆದ್ದು ಬಂದರು. ಅತ್ತಿಗೆಯ ಮಗಳಿಗೆ ಫೋನ್ ಮಾಡಿ, “ನಿನ್ನ ಅತ್ತೆ ಪುಸ್ತಕದಲ್ಲಿ ಬರ್ತಾಳೆ ಕಣೇ, ಮೂವತ್ತೊಂದನೇ ಪುಟ,” ಎಂದರು. ಅತ್ತಿಗೆ ಅದನ್ನೆಲ್ಲ ನೋಡುತ್ತ ಒಳಗೊಳಗೇ ಬೇಯುತ್ತಿದ್ದರು. ಬೈಗುಳ ಬಿದ್ದಾಗ ಬಾಯಿ ಬಿಡಲಿಲ್ಲ, ಈಗ ಫಲಕ ಬರುವಾಗ ಅದು ನನ್ನದು ಎಂದರೆ ನಾಯಿಯೂ ಮೂಸುವುದಿಲ್ಲ. ಹೇಳದೆ ಬಿಟ್ಟರೆ, ತಾನು ಮಾಡದ ತಪ್ಪನ್ನು ಈ ಹೆಂಗಸು ಸಾಯುವ ತನಕ ತನ್ನದೆಂದೇ ತಿಳಿದಿರುತ್ತಾಳೆ. ಹೇಳಿದರೆ, ನಲವತ್ತಾರು ವರ್ಷಕ್ಕೆ ಬಂದ ಒಂದೇ ಒಂದು ನಗುವನ್ನು ಕಿತ್ತುಕೊಂಡಂತಾಗುತ್ತದೆ.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅತ್ತಿಗೆ ಗಟ್ಟಿ ಮನಸ್ಸು ಮಾಡಿ ಶುರು ಮಾಡಿದರು. “ಆ ದಿನ ಮಧ್ಯಾಹ್ನ ಏನಾಯ್ತು ಅಂದ್ರೆ...”

“ಬಿಡಿ ಅತ್ತಿಗೆ,” ಎಂದರು ನಾದಿನಿ, ಹೊದಿಕೆಯ ಆಚೆ ಕಡೆಯಿಂದ. “ನೀವು ಏನು ಹೇಳ್ತೀರ ಅಂತ ಗೊತ್ತು. ಮರೆತದ್ದಕ್ಕೆ ಇಷ್ಟು ವರ್ಷ ನನ್ನನ್ನ ನಾನೇ ಬೈಕೊಂಡೆ. ಈಗ ಹೊಟ್ಟೆಗೆ ಹಾಕ್ಕೊಂಡಿದ್ದೀನಿ. ನನ್ನನ್ನ ನಾನು ಕ್ಷಮಿಸಿದ್ದೀನಿ.” ಹೊದಿಕೆಯ ತುದಿ ಎಳೆದು, “ಇದು ಸರಿ ಇದೆಯಾ, ಉಲ್ಟಾ ಇದೆಯಾ ಅಂತಾನೂ ನಾನು ಕೇಳಲ್ಲ ಇವತ್ತು,” ಎಂದು ನಕ್ಕರು. ಅತ್ತಿಗೆ ಕೈಯಲ್ಲಿದ್ದ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದರು. ಅದರಲ್ಲಿ ನೀರೇ ಇರಲಿಲ್ಲ.

ಸಮಾರಂಭ ನಡೆದದ್ದು ಹರಾಜಿನ ಕಟ್ಟೆಯ ಮೇಲೆ. ಆಲೂಗಡ್ಡೆ ಮೂಟೆಗಳನ್ನು ಪಕ್ಕಕ್ಕೆ ಸರಿಸಿ ಇನ್ನೂರು ಕುರ್ಚಿ ಹಾಕಿದ್ದರು. ಅಧ್ಯಕ್ಷರು ಉದ್ದಕ್ಕೆ ಮಾತಾಡಿದರು, ಜನ ಉದ್ದಕ್ಕೆ ಕೇಳಿಸಿಕೊಂಡರು. ಅತ್ತಿಗೆ ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದರು. ಇಷ್ಟರಲ್ಲಿ ಮುಗಿಯುತ್ತದೆ, ಫಲಕ ಕೊಡುತ್ತಾರೆ, ಮನೆಗೆ ಹೋಗುತ್ತೇವೆ, ಸತ್ತ ಮೇಲೆ ಎಲ್ಲ ಒಂದೇ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆದರೆ ಮೇಷ್ಟ್ರ ತಲೆಗೆ ಇನ್ನೊಂದು ಹುಳ ಹೊಕ್ಕಿತ್ತು. ಅವರು ಎಲ್ಲಿಂದಲೋ ಮೂರು ಹಳೆಯ ಮರದ ಪೆಟ್ಟಿಗೆ, ಸುತ್ತಿಗೆ, ಮೊಳೆ, ಮುದ್ರೆ, ಒಂದು ಗುಡ್ಡೆ ಕಿತ್ತಳೆ ತರಿಸಿ ವೇದಿಕೆಯ ಮೇಲೆ ಇಡಿಸಿದರು.

“ಈಗ ಅಮ್ಮನವರು ಆ ದಿನದ ಪೆಟ್ಟಿಗೇನ ನಿಮ್ಮ ಕಣ್ಣೆದುರಿಗೇ ಕಟ್ಟಿ ತೋರಿಸ್ತಾರೆ,” ಎಂದು ಮೈಕಿನಲ್ಲಿ ಸಾರಿದರು. “ಮಗುಚದೆ, ಹಾಗೇ ಮುದ್ರೆ ಒತ್ತುತ್ತಾರೆ. ನಮ್ಮ ಊರಿನ ಹೆಸರು ಹುಟ್ಟಿದ್ದು ಹೀಗೆ!”

ನಾದಿನಿ ರವಿಕೆಯ ತೋಳು ಮಡಚಿ ಎದ್ದರು. ನಲವತ್ತಾರು ವರ್ಷದಲ್ಲಿ ಆ ಕೈಗಳು ಹಣ್ಣಿನ ಪೆಟ್ಟಿಗೆ ಮುಟ್ಟಿರಲಿಲ್ಲ. ಆದರೂ ಕಾಗದ ಸುತ್ತುವಾಗ ಬೆರಳು ತಡವರಿಸಲಿಲ್ಲ. ದೊಡ್ಡದು, ಸಾಧಾರಣ, ಚಿಕ್ಕದು. ಭಾರ ಆಗದಿರಲಿ ಎಂದು ಮೇಷ್ಟ್ರು ಪೆಟ್ಟಿಗೆಯ ನಡುವೆ ರಟ್ಟಿನ ತುಂಡು ತುರುಕಿಸಿದ್ದರು. ಅಡಿಯ ಪಟ್ಟಿ ಇಟ್ಟು ನಾಲ್ಕು ಮೊಳೆ ಬಡಿದರು. ಕೊನೆಯ ಮೊಳೆ ಒಳಗಿಳಿದದ್ದೇ ತಡ, ಮೊಣಕಾಲು ತಾನಾಗಿ ಮುಂದೆ ಬಂತು, ಪೆಟ್ಟಿಗೆ ಅಂಚಿನ ಮೇಲೆ ಎದ್ದಿತು, ಸೊಂಟ ತಿರುಗಿತು, ಧೊಪ್ಪೆಂದು ಮುಖ ಮೇಲಾಯಿತು. ಅದರ ಮೇಲೆ ಮುದ್ರೆ ಬಿತ್ತು.

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಹತ್ತಿರ ಬಂದು, “ಅಮ್ಮಾ, ಮಗುಚಬಾರದಿತ್ತು,” ಎಂದು ಪಿಸುಗುಟ್ಟಿದರು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಜನ ನಕ್ಕರು, ನಾದಿನಿಯೂ ನಕ್ಕರು. “ಅಯ್ಯೋ, ಇನ್ನೊಂದು ಸಲ,” ಎಂದರು.

ಎರಡನೆಯ ಪೆಟ್ಟಿಗೆ. ಈ ಸಲ ತುಟಿ ಕಚ್ಚಿ, ಗಮನವಿಟ್ಟು ಕಟ್ಟಿದರು. ಕೊನೆಯ ಮೊಳೆ. ಮೊಣಕಾಲು, ಅಂಚು, ಸೊಂಟ, ಧೊಪ್. ಜನ ಇನ್ನೂ ಜೋರಾಗಿ ನಕ್ಕರು. ಈ ಸಲ ನಾದಿನಿ ನಗಲಿಲ್ಲ.

ಮೂರನೆಯದಕ್ಕೆ ಪಟ್ಟಿ ಬಡಿದು ಮುಗಿಸಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೇಷ್ಟ್ರು ಮುದ್ರೆಯನ್ನು ಮುಂದೆ ಚಾಚಿದರು. ನಾದಿನಿ ತೆಗೆದುಕೊಳ್ಳಲಿಲ್ಲ. ಬೋರಲಾಗಿದ್ದ ಪೆಟ್ಟಿಗೆಯನ್ನೇ ನೋಡುತ್ತ ನಿಂತರು. ನಗು ಒಂದೊಂದೇ ಸಾಲಾಗಿ ನಿಂತಿತು.

“ಆಗ್ತಿಲ್ಲ,” ಎಂದರು ನಾದಿನಿ. “ಹೀಗೆ ಬಿಟ್ಟು ಒತ್ತೋಕೆ ಆಗ್ತಿಲ್ಲ ನನ್ನ ಕೈಲಿ.” ಅವರು ತಲೆಯೆತ್ತಿ ಮುಂದಿನ ಸಾಲಿನಲ್ಲಿ ಅತ್ತಿಗೆಯನ್ನು ಹುಡುಕಿದರು. ಅವರ ದನಿಯಲ್ಲಿ ಆಪಾದನೆ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. “ಅತ್ತಿಗೆ, ನೂರ ನಲವತ್ತು ಸಲ ನಾನು ಹೇಗೆ ಮರೆತೆ?”

ವಯಸ್ಸಾಯಿತು ಕಣೆ, ಆಗಿನ ಕೈ ಬೇರೆ ಈಗಿನ ಕೈ ಬೇರೆ ಎನ್ನಬಹುದಿತ್ತು. ಆ ಮಾತು ಅತ್ತಿಗೆಯ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅಂಥ ಮಾತು ಹುಡುಕುವುದರಲ್ಲಿ ಅವರಿಗೆ ನಲವತ್ತಾರು ವರ್ಷದ ಅಭ್ಯಾಸ. ಆದರೆ ಕಾಲು ತಾವಾಗಿ ಎದ್ದು ನಿಂತವು. ಮಗಳು ತೋಳು ಹಿಡಿದಳು, ಕೊಡವಿಕೊಂಡರು.

“ನೀನು ಮರೆತಿಲ್ಲ,” ಎಂದರು. “ಬೆಳಗಿನ ಪೆಟ್ಟಿಗೆ ನಿಂದು, ಎಲ್ಲ ಮಗುಚಿದ್ದೆ. ಮಧ್ಯಾಹ್ನದ್ದು ನಂದು. ನಾನು ಮಗುಚಲಿಲ್ಲ. ಮರೆತೂ ಅಲ್ಲ. ಸೊಂಟ ನೋಯ್ತಿತ್ತು, ಬಿಟ್ಟೆ.”

ಮೇಷ್ಟ್ರ ಪಕ್ಕದ ಮೇಜಿನ ಮೇಲೆ ಐನೂರು ಪುಸ್ತಕಗಳಿದ್ದವು, ಐನೂರರಲ್ಲೂ ಮೂವತ್ತೊಂದನೇ ಪುಟವಿತ್ತು. ಅಧ್ಯಕ್ಷರು ಫಲಕವನ್ನು ಎದೆಗವಚಿಕೊಂಡು, “ಹಾಗಾದ್ರೆ ಇದನ್ನ... ಯಾರಿಗೆ...” ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. ಪತ್ರಿಕೆಯವನು ಮಾತ್ರ ಬಹಳ ಉತ್ಸಾಹದಿಂದ ಬರೆದುಕೊಳ್ಳುತ್ತಿದ್ದ.

ನಾದಿನಿ ಮೈಕಿನ ಹತ್ತಿರ ಬಂದರು. “ನಾನು ಮಗುಚಿದ್ದೆ,” ಎಂದರು. ಸಾಕಾಗಲಿಲ್ಲವೇನೋ, ಇನ್ನೊಂದು ಸಲ ಹೇಳಿದರು. “ನಾನು ಮಗುಚಿದ್ದೆ. ನೂರ ನಲವತ್ತೂ. ಒಂದೂ ಬಿಟ್ಟಿರಲಿಲ್ಲ.” ಆ ಮುಖವನ್ನು ಅತ್ತಿಗೆ ಗುರುತು ಹಿಡಿದರು. ಬಡಗಿಗಳ ಕಡೆ ತಿರುಗಿಯೂ ನೋಡದಿದ್ದ ಹುಡುಗಿಯ ಮುಖ ಅದು. ಆಮೇಲೆ ನಾದಿನಿ ಅ‌ಧ್ಯಕ್ಷರಿಗೆ ಹೇಳಿದರು: “ಅದು ಅವರದ್ದು. ಅವರಿಗೇ ಕೊಡಿ. ನಾನು ಯಾವ ತಪ್ಪೂ ಮಾಡಿಲ್ಲ, ನನಗ್ಯಾಕೆ?”

ಹೀಗಾಗಿ ಅತ್ತಿಗೆ ವೇದಿಕೆ ಹತ್ತಬೇಕಾಯಿತು. ಅಧ್ಯಕ್ಷರು ಫಲಕ ಕೊಟ್ಟರು. ಊರಿಗೆ ಯಾರ ತಪ್ಪಾದರೇನು, ಹೆಸರು ಬಂತಲ್ಲ. ಇನ್ನೂರು ಜನರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲುವಂತೆಯೇ ಕಾಣಲಿಲ್ಲ. ತಲೆ ತಗ್ಗಿಸಿದ್ದ ಅತ್ತಿಗೆ ಒಂದು ಸಲ ಓರೆಗಣ್ಣಲ್ಲಿ ನೋಡಿದರು. ನಾದಿನಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಅವರ ಕೈ ಅವರ ಮಡಿಲಲ್ಲೇ ಇತ್ತು.

ಬಿಸಿಲಿನಲ್ಲಿ ನಿಂತು ಕಾದಿದ್ದ ಕಾರಿನಲ್ಲಿ ಇಬ್ಬರೂ ಹಿಂದೆ ಕೂತರು. ಮಗಳು ಸ್ಟೀರಿಂಗ್ ಹಿಡಿದು ಕಿಟಕಿ ಇಳಿಸಿದಳು. ಮಾರುಕಟ್ಟೆಯ ಗೇಟಿನ ಹತ್ತಿರ ಒಂದು ಲಾರಿ ಹಿಂದೆ ಮುಂದೆ ಹೋಗುತ್ತ ದಾರಿ ಅಡ್ಡ ಹಾಕಿತ್ತು.

“ಹೊಟ್ಟೆಯಲ್ಲಿ ಇವಳಿದ್ದಳು,” ಎಂದರು ಅತ್ತಿಗೆ. “ಕೆಲಸ ಹೋಗುತ್ತೆ ಅಂತ ಹೆದರಿಬಿಟ್ಟೆ.”

“ನೀವು ಬಸುರಿ ಅನ್ನೋದು ನನಗೂ ಗೊತ್ತಿತ್ತಲ್ಲ ಅತ್ತಿಗೆ,” ಎಂದರು ನಾದಿನಿ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. “ನೀವು ಮನೆಗೆ ಬಂದು ಒಂದು ಮಾತು ಕೇಳಿದ್ರೆ ಆಗ್ತಿತ್ತು. ನಾನೇ ಹೋಗಿ, ಹೌದು ಯಜಮಾನ್ರೇ, ಮಗುಚಲಿಲ್ಲ ಅಂತ ಸುಳ್ಳು ಹೇಳಿ ಬರ್ತಿದ್ದೆ. ಕೆಲಸ ಹೋಗಿದ್ರೆ ಹೋಗ್ತಿತ್ತು. ಅದು ಸುಳ್ಳು ಅಂತ ನನಗಾದ್ರೂ ಗೊತ್ತಿರ್ತಿತ್ತು.”

ಲಾರಿ ಸರಿಯಿತು. ಮಗಳು ಕಾರು ಮುಂದೆ ಬಿಟ್ಟಳು.